ಸಾಲಿನಲ್ಲಿ ನಿಂತ ಬಡಿತಗಳು

ಕಂಚಕೋಡಿಯ ಗಂಡಸರು ಮೀನಿಗೆ ಹೋಗುವಾಗ ಎದೆಬಡಿತವನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ ಎಂದರೆ ಆ ಕರಾವಳಿಯಲ್ಲಿ ಈಗ ಯಾರೂ ಹುಬ್ಬೇರಿಸುವುದಿಲ್ಲ. ಬಿಲ್ಲೆ ಬಂದು ಒಂಬತ್ತು ವರ್ಷವಾಯಿತು. ಅಂಗೈಯಗಲದ, ಇಡ್ಲಿಯಷ್ಟು ಮೆತ್ತಗಿನ ವಸ್ತು ಅದು. ಕಡಲಿಗೆ ಹೋದವನ ಮಣಿಕಟ್ಟಿನ ಪಟ್ಟಿ ಅವನ ನಾಡಿಯನ್ನು ಎಣಿಸುತ್ತದೆ. ಬೋಟು ಅದನ್ನು ನೀರಿನಲ್ಲಿ ಲಂಗರು ಹಾಕಿ ನಿಲ್ಲಿಸಿದ ಹತ್ತಿರದ ತೇಲುಗಂಬಕ್ಕೆ ದಾಟಿಸುತ್ತದೆ, ತೇಲುಗಂಬ ದಡಕ್ಕೆ, ದಡ ಮನೆಗೆ. ಇಲ್ಲಿ ಅಕ್ಕಿ ಆರಿಸುತ್ತ ಕೂತ ತಾಯಿಯ ಕೈಯೊಳಗೆ, ನಲವತ್ತು ಮೈಲಿ ಆಚೆ ಬಲೆ ಎಳೆಯುತ್ತಿರುವ ಮಗನ ಎದೆ ಹೊಡೆದುಕೊಳ್ಳುತ್ತದೆ. ತಾಯಿ ಬಿಲ್ಲೆಯನ್ನು ಮೆಲ್ಲಗೆ ಒತ್ತಿದರೆ ಮಗನ ಮಣಿಕಟ್ಟಿಗೆ ಚಿವುಟಿದ ಹಾಗಾಗುತ್ತದೆ. ಇಷ್ಟೇ ಅದರ ಕೆಲಸ. ಮಾತಿಲ್ಲ, ಚಿತ್ರವಿಲ್ಲ.

ಒಬ್ಬನಿಗೆ ಒಂದೇ ಬಿಲ್ಲೆ. ಆ ಒಂದನ್ನು ಯಾರ ಕೈಗೆ ಕೊಡಬೇಕು ಎನ್ನುವುದರಲ್ಲಿ ಮಾತ್ರ ಕಂಚಕೋಡಿಯವರು ಹಳೆಯ ಕಟ್ಟು ಬಿಡಲಿಲ್ಲ. ಹೆಣ್ಣಿನ ಕಡೆಯಿಂದ ಮನೆತನ ಎಣಿಸುವ ಜನ ಅವರು. ಬಿಲ್ಲೆ ತಾಯಿಗೆ, ತಾಯಿ ಇಲ್ಲದಿದ್ದರೆ ಅಕ್ಕನಿಗೋ ತಂಗಿಗೋ. ಹೆಂಡತಿಗಿಲ್ಲ. ಈ ಒಂದು ವಿಷಯಕ್ಕೆ ಎಷ್ಟು ಅಡುಗೆಮನೆಗಳಲ್ಲಿ ಪಾತ್ರೆ ಸದ್ದಾಗಿದೆಯೋ ಹೇಳುವ ಹಾಗಿಲ್ಲ. ಬಟ್ಟೆ ಒಗೆಯುವುದು ನಾನು, ಎದೆ ಮಾತ್ರ ನಿಮ್ಮಮ್ಮನಿಗೋ ಎಂದು ಮೂರು ದಿನ ಮಾತುಬಿಟ್ಟ ಹೆಂಡತಿಯರಿದ್ದಾರೆ. ಗಂಡಂದಿರು ತಲೆ ಕೆರೆದುಕೊಂಡು ಬೋಟು ಹತ್ತಿದ್ದಾರೆ.

ವಾರಿಜಾಳ ಮನೆಯಲ್ಲಿ ಆ ತಕರಾರಿರಲಿಲ್ಲ. ತಮ್ಮ ಕರುಣಾಕರನಿಗೆ ಇನ್ನೂ ಮದುವೆಯಾಗಿರಲಿಲ್ಲ. ಇಪ್ಪತ್ತೆಂಟು ದಾಟಿತು ಎಂದು ತಾಯಿ ಗುಲಾಬಿ ದಿನಕ್ಕೊಮ್ಮೆ ಗೊಣಗುತ್ತಿದ್ದಳು ಅಷ್ಟೆ. ಅವನು 'ಮತ್ಸ್ಯಸಿರಿ' ಬೋಟಿನಲ್ಲಿ ಬಲೆಯ ಕೆಲಸಕ್ಕಿದ್ದ. ಅವನ ಬಿಲ್ಲೆ ಗುಲಾಬಿಯ ಸೆರಗಿನ ಗಂಟಿನಲ್ಲಿ. ವಾರಿಜಾಳಿಗೆ ಮೂವತ್ತೆಂಟು. ಹಳೆಯ ಐಸ್ ಪ್ಲಾಂಟಿನ ಹಿಂದಿರುವ ಜಾಲಕೇಂದ್ರದಲ್ಲಿ ಇಂಜಿನಿಯರು. ಹನ್ನೆರಡು ತೇಲುಗಂಬಗಳ ಮೂಲಕ ಊರಿನ ಎದೆಗಳೆಲ್ಲ ದಡ ಸೇರುವಂತೆ ನೋಡಿಕೊಳ್ಳುವುದು ಅವಳ ಹೊಣೆ.

ಬಡಿತಗಳು ಒಂದೊಂದಾಗಿ ಬರುವುದಿಲ್ಲ. ಹತ್ತು ಬಡಿತಕ್ಕೆ ಒಂದು ಪ್ಯಾಕೆಟ್ಟು. ಪ್ಯಾಕೆಟ್ಟಿನ ಮೇಲೆ ಮಣಿಕಟ್ಟಿನ ನಂಬರು, ಬೋಟು ಇರುವ ಜಾಗ. ಗಂಟೆ ನಿಮಿಷ ಬರೆದಿರುವುದಿಲ್ಲ. ಪ್ಯಾಕೆಟ್ಟು ಚಿಕ್ಕದಿದ್ದಷ್ಟೂ ಒಳ್ಳೆಯದು ಎಂದು ಮಾಡಿದ್ದು ಅದು. ಎದೆ ಬಡಿಯುತ್ತಿದೆ ಎಂದರೆ ಈಗ ಬಡಿಯುತ್ತಿದೆ ಎಂದೇ ಅರ್ಥ, ಅದಕ್ಕೆ ಗಡಿಯಾರ ಯಾಕೆ ಎಂದು ಆಗ ಎಲ್ಲರಿಗೂ ಅನಿಸಿತ್ತು. ದಾರಿಯಲ್ಲಿ ನೂಕುನುಗ್ಗಲಾದರೆ ಪ್ಯಾಕೆಟ್ಟುಗಳು ತೇಲುಗಂಬದೊಳಗೆ ಸರದಿಗೆ ಕಾಯುತ್ತವೆ. ಆ ಕಾಯುವ ಜಾಗಕ್ಕೆ ಬಫರ್ ಎನ್ನುತ್ತಾರೆ. ಹೊಳೆ ದಾಟುವ ಕಡವಿನಲ್ಲಿ ಒಂದು ತಂಗುದಾಣ ಇರುತ್ತದಲ್ಲ, ಹಾಗೆ. ತಂಗುದಾಣ ಸಣ್ಣದಾದರೆ ಜಾಗ ಸಿಗದವರು ಹಿಂದೆ ಹೋಗಬೇಕು, ಆದರೆ ಒಳಗಿದ್ದವರು ಮುಂದಿನ ದೋಣಿಗೇ ದಾಟುತ್ತಾರೆ. ದೊಡ್ಡದು ಕಟ್ಟಿಸಿದರೆ ಯಾರೂ ಹಿಂದೆ ಹೋಗಬೇಕಿಲ್ಲ. ಬೆಳಿಗ್ಗೆ ಬಂದವನು ಸಂಜೆ ದಾಟುತ್ತಾನೆ ಅಷ್ಟೆ.

ಮೊದಲು ಪ್ರತಿ ತೇಲುಗಂಬದ ಮಿತಿ ಅರವತ್ತು ಪ್ಯಾಕೆಟ್ಟು ಇತ್ತು. ಮೂರು ವರ್ಷದ ಹಿಂದೆ ಮಳೆಗಾಲ ಕಳೆದು ಬೋಟುಗಳೆಲ್ಲ ಒಟ್ಟಿಗೆ ಕಡಲಿಗಿಳಿದ ದಿನ ಸಾಲು ತುಂಬಿ ತುಳುಕಿತು. ಮಿತಿ ಮೀರಿದ ಪ್ಯಾಕೆಟ್ಟುಗಳು ಬಿದ್ದುಹೋದವು. ಊರ ತುಂಬ ಬಿಲ್ಲೆಗಳು ನಡುನಡುವೆ ಹತ್ತತ್ತು ಬಡಿತ ನುಂಗಿದವು. ಹತ್ತು ಬಡಿತ ಎಂದರೆ ಹತ್ತು ಸೆಕೆಂಡು. ಮಗನ ಎದೆ ಹತ್ತು ಸೆಕೆಂಡು ನಿಂತರೆ ತಾಯಂದಿರು ಸುಮ್ಮನಿರುತ್ತಾರೆಯೇ? ಜಾಲಕೇಂದ್ರದ ಮುಂದೆ ಇನ್ನೂರು ಹೆಂಗಸರು ನೆರೆದರು. ಒಬ್ಬ ಮುದುಕಿ ಮೆಟ್ಟಿಲ ಮೇಲೆ ಪ್ರಜ್ಞೆ ತಪ್ಪಿ ಬಿದ್ದಳು. ವಾರಿಜಾ ಆವತ್ತೇ ಮಿತಿಯನ್ನು ಅರವತ್ತು ಸಾವಿರಕ್ಕೆ ಏರಿಸಿದಳು. ಯಾವ ಬಡಿತವನ್ನೂ ಬಿಸಾಡಕೂಡದು ಎಂದು ನಿಯಮ ಬರೆದು ಗೋಡೆಗೆ ಹಚ್ಚಿದಳು. ಆಮೇಲೆ ಒಂದು ಬಿಲ್ಲೆಯೂ ತಪ್ಪಲಿಲ್ಲ. ಅವಳ ಮನೆಬಾಗಿಲಿಗೆ ಅಂಜಲ್ ಮೀನು ಬಂತು, ಬಾಳೆಗೊನೆ ಬಂತು. ಹೆಮ್ಮೆಗೆ ಗುಲಾಬಿಯ ಕಾಲು ಒಂದು ವಾರ ನೆಲದ ಮೇಲೆ ನಿಲ್ಲಲಿಲ್ಲ.

ಒಳ್ಳೆಯ ಮನಸ್ಸಿನಿಂದ ಮಾಡಿದ ತಪ್ಪನ್ನು ಯಾರೂ ತಪ್ಪೆಂದು ಹುಡುಕಿ ನೋಡುವುದಿಲ್ಲ. ವಾರಿಜಾಳೂ ನೋಡಲಿಲ್ಲ.

ಈ ವರ್ಷದ ಬಿರುಗಾಳಿ ಮುನ್ಸೂಚನೆಯ ಪ್ರಕಾರ ಸಂಜೆಗೆ ಬರಬೇಕಿತ್ತು. ಬೆಳಿಗ್ಗೆ ಏಳಕ್ಕೇ ತೆಂಕಿನಿಂದ ಬಂದು ಮೊದಲು ದಡಕ್ಕೆ ಬಡಿಯಿತು. ನಲವತ್ತೊಂದು ಬೋಟು, ಮುನ್ನೂರ ಅರವತ್ತೊಂಬತ್ತು ಜನ ಹೊರಗಿದ್ದರು. ಏಳು ಗಂಟೆ ಐದು ನಿಮಿಷಕ್ಕೆ ದಡದ ಗೋಪುರದ ದೊಡ್ಡ ಆ್ಯಂಟೆನಾ ತಿರುಚಿಕೊಂಡಿತು. ಊರಿನ ಬಿಲ್ಲೆಗಳೆಲ್ಲ ಒಂದೇ ಸಲ ನಿಂತವು.

ಗೋಪುರಕ್ಕೆ ಜನ ಹತ್ತಿ, ಹಗ್ಗ ಬಿಗಿದು, ಆ್ಯಂಟೆನಾವನ್ನು ಸರಿಯಾದ ದಿಕ್ಕಿಗೆ ತಿರುಗಿಸುವ ಹೊತ್ತಿಗೆ ಒಂಬತ್ತೂ ಮುಕ್ಕಾಲು. ಕೇಂದ್ರದ ಪರದೆಯ ಮೇಲೆ ಒಬ್ಬೊಬ್ಬನಿಗೆ ಒಂದರಂತೆ ಚುಕ್ಕೆಗಳು ಬಂದವು. ಒಂದು, ಹತ್ತು, ನೂರು. ಮುನ್ನೂರ ಅರವತ್ತೊಂಬತ್ತೂ ಬಂದವು. ಹಿರಿಯ ಇಂಜಿನಿಯರು ಹೆಬ್ಬಾರರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಹೊರಗೆ ಗೇಟಿನ ಹತ್ತಿರ ಹೆಂಗಸರ ಹೋ ಎಂಬ ಕೂಗು ಕೇಳಿಸಿತು. ಯಾರೋ ಎಲ್ಲಿಂದಲೋ ಬೆಲ್ಲದಚ್ಚು ತಂದು ಒಡೆದು ಹಂಚಿದರು.

"ಎಲ್ಲರೂ ಇದ್ದಾರೆ ಮಾರಾಯ್ತಿ," ಎಂದರು ಹೆಬ್ಬಾರರು. "ಒಬ್ಬನೂ ಹೋಗ್ಲಿಲ್ಲ."

ಚುಕ್ಕೆಗಳಿದ್ದ ಜಾಗಗಳನ್ನು ಕಡಲಕಾವಲಿನ ಎರಡು ಹಡಗುಗಳಿಗೆ ಕಳಿಸಿದರು. ಎಂಜಿನ್ ಕೆಟ್ಟು ಅಲೆಯ ಬಾಯಿಗೆ ಸಿಕ್ಕಿದ ಬೋಟುಗಳು ಎಷ್ಟೋ ಇದ್ದಿರಬೇಕು. ಹಡಗುಗಳು ಗಾಳಿ ಎದ್ದಾಗಲೇ ಹೊರಟು ದಾರಿಯಲ್ಲಿದ್ದವು.

ವಾರಿಜಾಳಿಗೂ ಅಳು ಬಂತು. ಒರೆಸಿಕೊಂಡು ಮನೆಗೆ ಫೋನು ಮಾಡಿದಳು. ಗುಲಾಬಿ ಮೊದಲ ರಿಂಗಿಗೇ ಎತ್ತಿದಳು.

"ಈಗ ಬಡ್ಕಂತ ಇತ್ತ್ ಹೆಣ್ಣೇ," ಎಂದಳು. ದನಿ ಕುಗ್ಗಿಸಿ ಮಾತಾಡುತ್ತಿದ್ದಳು, ತೊಟ್ಟಿಲ ಪಕ್ಕ ಮಾತಾಡಿದ ಹಾಗೆ. "ಆರಾಮಲ್ಲಿ ಇದ್ದ. ಒಳ್ಳೆ ನಿದ್ರಿ ಕಾಣ್ ಅವ್ನಿಗೆ."

"ನಿದ್ರಿಯಾ?"

"ನಂಗ್ ತಿಳೀದಾ? ಹೊತ್ತಾರೆ ಬಲೆ ಎಳ್ದ್, ಚಾ ಕುಡ್ದ್, ಏಳ್ ಗಂಟಿಗೆ ಒಂದ್ ಗಳಿಗಿ ಮನಿಕಂತ. ದಿನಾ ಹಾಂಗೇ. ಈಗ್ಲೂ ಹಾಂಗೇ ನಿಧಾನಕ್ ಬಡಿತಾ ಇತ್ತ್. ಬಿಲ್ಲೆ ಒತ್ತುತಾ ಇದ್ದೆ, ಏಳೂದಿಲ್ಲ ಮುಂಡೇದು."

ವಾರಿಜಾ ಫೋನು ಕಿವಿಯಲ್ಲಿಟ್ಟುಕೊಂಡೇ ಗೋಡೆಯ ಗಡಿಯಾರ ನೋಡಿದಳು. ಹತ್ತು ಗಂಟೆ ಮೂರು ನಿಮಿಷ. ಕಿಟಕಿಯ ಹೊರಗೆ ಮರಗಳು ನೆಲಕ್ಕೆ ಬಗ್ಗುತ್ತಿದ್ದವು.

"ಅಮ್ಮ, ಮತ್ತೆ ಮಾಡ್ತೆ," ಎಂದು ಇಟ್ಟಳು.

ಪರದೆಯಲ್ಲಿ ಅವಳು ಜಾಗಗಳ ನಕ್ಷೆಯನ್ನು ಮುಚ್ಚಿ ಬಡಿತಗಳ ಪಟ್ಟಿ ತೆರೆದಳು. ಕರುಣಾಕರ, ನಿಮಿಷಕ್ಕೆ ಐವತ್ತೆಂಟು. ಅವನ ಬೋಟು ನಡೆಸುವ ತಾಂಡೇಲ, ಎಪ್ಪತ್ತು. ಬೇರೆ ಬೋಟು, ಅರವತ್ತನಾಲ್ಕು, ಅರವತ್ತು, ಎಪ್ಪತ್ತೆರಡು. ಮುನ್ನೂರ ಅರವತ್ತೊಂಬತ್ತು ಜನರ ಸರಾಸರಿ ಅರವತ್ತೇಳು. ಬಿರುಗಾಳಿಯ ನಡುವೆ ಮನೆಯೆತ್ತರದ ಅಲೆ ಏಳುವಾಗ ಯಾರ ಎದೆಯೂ ಅರವತ್ತೇಳಕ್ಕೆ ಬಡಿಯುವುದಿಲ್ಲ.

ಅವಳು ಒಂದನೆಯ ತೇಲುಗಂಬದ ಸಾಲು ನೋಡಿದಳು. ಇಪ್ಪತ್ತೊಂಬತ್ತು ಸಾವಿರದ ಎಂಟುನೂರು ಪ್ಯಾಕೆಟ್ಟು ಕಾಯುತ್ತಿದ್ದವು. ಎರಡನೆಯದು, ಮೂವತ್ತು ಸಾವಿರ. ಹನ್ನೆರಡೂ ಹಾಗೆಯೇ. ದಡ ಕೈಗೆ ಸಿಗದಿದ್ದ ಎರಡು ಗಂಟೆ ನಲವತ್ತು ನಿಮಿಷವೂ ತೇಲುಗಂಬಗಳು ಅವಳು ಹೇಳಿಕೊಟ್ಟಿದ್ದನ್ನೇ ಮಾಡಿದ್ದವು. ಒಂದನ್ನೂ ಬಿಸಾಡಿರಲಿಲ್ಲ. ಬಂದ ಬಡಿತವನ್ನೆಲ್ಲ ಸಾಲಾಗಿ ನಿಲ್ಲಿಸಿ, ದಾರಿ ತೆರೆದ ಕೂಡಲೇ ಮೊದಲು ಬಂದದ್ದನ್ನು ಮೊದಲು, ಆಮೇಲೆ ಬಂದದ್ದನ್ನು ಆಮೇಲೆ, ಬಹಳ ಮರ್ಯಾದೆಯಿಂದ ಕಳಿಸುತ್ತಿದ್ದವು. ಈಗ ಮನೆಮನೆಯಲ್ಲಿ ಬಡಿಯುತ್ತಿದ್ದದ್ದು ಏಳೂಕಾಲರ ಎದೆ. ಆ ಹೊತ್ತಿಗೆ ಗಾಳಿ ಇನ್ನೂ ಬೋಟುಗಳನ್ನು ಮುಟ್ಟಿರಲಿಲ್ಲ. ಈಗಿನ ಬಡಿತ ಸಾಲಿನ ಕೊನೆಯಲ್ಲಿ ನಿಂತಿತ್ತು. ಊರಿನ ಹೆಂಗಸರೆಲ್ಲ ಬಿಲ್ಲೆ ಒತ್ತುತ್ತಿದ್ದರು, ಆ ಒತ್ತುಗಳೂ ಅದೇ ದಾರಿ ಹಿಡಿದಿದ್ದವು. ಹಾಗಾಗಿ ಸಾಲು ಕರಗುತ್ತಲೂ ಇರಲಿಲ್ಲ.

ಅಷ್ಟರಲ್ಲಿ ರೇಡಿಯೊ ಕರೆಯಿತು. ಕಡಲಕಾವಲಿನ ಮೊದಲ ಹಡಗಿನ ಕ್ಯಾಪ್ಟನ್ ಮೊಯ್ದಿನ್.

"ಮೇಡಂ, ನೀವು ಕೊಟ್ಟ ಜಾಗಕ್ಕೆ ಬಂದಿದ್ದೇವೆ. ಇಲ್ಲಿ ಐದು ಬೋಟು ಉಂಟು ಅಂತ ಹೇಳಿದ್ರಿ. ಎಂತದೂ ಇಲ್ಲ. ಬರೀ ನೀರು."

ವಾರಿಜಾಳಿಗೆ ಆಗ ಭಯವಾಗಬೇಕಿತ್ತು. ಆಗಲಿಲ್ಲ. ಕಿವಿಗೆ ನೀರು ಹೋದಾಗ ಹೊರಗಿನ ಸದ್ದು ದೂರವಾಗುತ್ತದಲ್ಲ, ಹಾಗೆ ಎಲ್ಲವೂ ಸ್ವಲ್ಪ ಆಚೆ ಸರಿದು ನಿಂತಿತು.  ಬೆಲ್ಲದ ಚೂರು ಬಾಯಲ್ಲಿತ್ತು, ಅದರ ಸಿಹಿ ಗೊತ್ತಾಗುತ್ತಿರಲಿಲ್ಲ.

"ಸರ್," ಎಂದಳು ಹೆಬ್ಬಾರರಿಗೆ. "ಇದು ಈಗಿನ ಬಡಿತ ಅಲ್ಲ."

ಅವರಿಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ಕುರ್ಚಿ ಹಿಡಿದುಕೊಂಡರು. "ಅಂದ್ರೆ ಯಾರು ಇದ್ದಾರೆ, ಯಾರು ಇಲ್ಲ..."

"ಗೊತ್ತಿಲ್ಲ. ಎಲ್ಲಿದ್ದಾರೆ ಅಂತಲೂ ಗೊತ್ತಿಲ್ಲ. ಹೀಗೇ ಬಿಟ್ರೆ ಈಗಿಂದು ನಮಗೆ ತಿಳಿಯೋದು ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ. ಸಾಲು ಬಿಸಾಡಿ ಮಿತಿಯನ್ನ ಅರವತ್ತಕ್ಕೆ ಇಳಿಸ್ಬೇಕು."

"ಬಿಸಾಡುವುದಾ? ಪೂರ್ತಿಯಾ?" ಹೆಬ್ಬಾರರ ಕಣ್ಣು ತಾನಾಗಿ ಗೋಡೆಯ ಮೇಲಿನ ನಿಯಮದ ಕಡೆಗೆ ಹೋಯಿತು. "ಅದನ್ನ ಎಲ್ಲಿಯಾದ್ರೂ ತೆಗೆದಿಡ್ಲಿಕ್ಕೆ ಆಗುದಿಲ್ವಾ?"

"ತೇಲುಗಂಬದ ಹೊಟ್ಟೆಯಲ್ಲಿ ಇರೋದು. ಹೊರಗೆ ಬರೋಕೆ ಇದೊಂದೇ ದಾರಿ."

ಹೆಬ್ಬಾರರು ಪರದೆಯ ಹತ್ತಿರ ಬಂದು ಸಾಲಿನ ಎಣಿಕೆ ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ. ಯಾರೂ ಕೇಳಲು ಇಷ್ಟಪಡದ ಪ್ರಶ್ನೆಯನ್ನು ಅವರು ಕೇಳಲೇಬೇಕಿತ್ತು. "ವಾರಿಜಾ, ಯಾವುದಾದ್ರೂ ಬೋಟು ಮುಳುಗಿದ್ರೆ, ಎಲ್ಲಿ ಮುಳುಗಿತು ಅಂತ ಇರೋದು ಆ ಸಾಲಿನಲ್ಲೇ ಅಲ್ವಾ? ಅದು ಹೋದ್ರೆ ಹೆಣ ಹುಡುಕ್ಲಿಕ್ಕೂ ಗುರುತಿಲ್ಲ. ನಿನ್ನ ತಮ್ಮನೂ ಅಲ್ಲಿದ್ದಾನೆ."

"ಹೌದು ಸರ್."

"ಎಂತ ಮಾಡ್ತಿ?"

ಬದುಕಿದ್ದವರನ್ನು ಈಗ ಹುಡುಕಬೇಕು ಎಂದರೆ ಸತ್ತವರ ಕೊನೆಯ ಗಳಿಗೆಯನ್ನು ಎಸೆಯಬೇಕು. ಕರುಣಾಕರ ಯಾವ ಕಡೆ ಇದ್ದಾನೆ ಎಂದು ಎಸೆಯದೆ ತಿಳಿಯುವುದಿಲ್ಲ. ಇದರಲ್ಲಿ ಯೋಚಿಸುವುದಕ್ಕೆ ಏನೂ ಇರಲಿಲ್ಲ. ಯೋಚಿಸಲಿಕ್ಕಿದ್ದಿದ್ದರೆ ಅವಳು ಅಲ್ಲೇ ಕೂತು ಯೋಚಿಸುತ್ತಿದ್ದಳೇನೋ. ಹನ್ನೆರಡು ತೇಲುಗಂಬಗಳಿಗೂ ಒಂದೇ ಆದೇಶ ಬರೆದಳು. ಸಾಲು ಖಾಲಿ. ಮಿತಿ ಅರವತ್ತು. ತುಂಬಿದರೆ ಹಳೆಯದನ್ನು ಎಸೆದು ಹೊಸದನ್ನು ಇಟ್ಟುಕೊ. ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕಳಿಸಿದಳು.

ಊರಿನ ಬಿಲ್ಲೆಗಳೆಲ್ಲ ಎರಡನೆಯ ಸಲ ನಿಂತವು. ಗೇಟಿನ ಹತ್ತಿರದ ಕೂಗು ಈ ಸಲ ಬೇರೆ ಥರ ಇತ್ತು. ಅವಳ ಫೋನು ಮೇಜಿನ ಮೇಲೆ ಮಿಣುಗಿತು. ಅಮ್ಮ. ಎತ್ತಲಿಲ್ಲ.

ಹನ್ನೊಂದು ಸೆಕೆಂಡಿಗೆ ಮೊದಲ ಚುಕ್ಕೆ ಬಂತು. ನೂರ ನಲವತ್ತೆರಡು. ಹೆದರಿ ಓಡುವ ಎದೆ. ಅದರ ಹಿಂದೆ ನೂರ ಮೂವತ್ತು, ನೂರ ಐವತ್ತು, ನೂರ ಮೂವತ್ತಾರು. ಇಷ್ಟು ಹೆದರಿದ ಎದೆಗಳನ್ನು ಒಟ್ಟಿಗೆ ಕಂಡು ಹೆಬ್ಬಾರರು ಸಂತೋಷಪಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ ಇರಬೇಕು. ಚುಕ್ಕೆಗಳು ಮೊದಲಿದ್ದ ಜಾಗಕ್ಕಿಂತ ಹನ್ನೊಂದು ಮೈಲಿ ಉತ್ತರಕ್ಕೆ ಕೊಚ್ಚಿಹೋಗಿದ್ದವು. ವಾರಿಜಾ ರೇಡಿಯೊ ಹಿಡಿದು ಮೊಯ್ದಿನ್‌ಗೆ ಒಂದೊಂದೇ ಜಾಗ ಓದಿದಳು. ತಡವರಿಸದೆ, ತಪ್ಪಿಲ್ಲದೆ ಓದಿದಳು.

ಎರಡು ನಿಮಿಷ ಕಳೆಯಿತು. ಐದು ಕಳೆಯಿತು. ಮುನ್ನೂರ ಮೂವತ್ತಮೂರಕ್ಕೆ ಎಣಿಕೆ ನಿಂತಿತು. ಮೂವತ್ತಾರು ಬರಲಿಲ್ಲ. ನಾಲ್ಕು ಬೋಟು, ಒಂದೊಂದರಲ್ಲಿ ಒಂಬತ್ತು ಜನ. ನಾಲ್ಕನೆಯ ಹೆಸರು ಮತ್ಸ್ಯಸಿರಿ.

ಹೆಬ್ಬಾರರು ಅವಳ ಭುಜ ಮುಟ್ಟಿದರು. ಅವಳಿಗೆ ಏನೂ ಅನಿಸಲಿಲ್ಲ. ಏನೂ ಅನಿಸುತ್ತಿಲ್ಲ ಎಂಬುದು ಮಾತ್ರ ತಿಳಿಯುತ್ತಿತ್ತು. "ಸರ್, ಏಳನೇ ತೇಲುಗಂಬದ ಜಾಗಗಳನ್ನ ಎರಡನೇ ಹಡಗಿಗೆ ಕೊಡಿ," ಎಂದಳು.

ಎರಡು ದಿನ ಅವಳು ಕೇಂದ್ರದಲ್ಲೇ ಇದ್ದಳು. ಯಾರೂ ಇರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಮುನ್ನೂರ ಮೂವತ್ತಮೂರು ಜನರನ್ನೂ ದಡಕ್ಕೆ ತಂದರು. ಇನ್ನೊಂದು ಗಂಟೆ ತಡವಾಗಿದ್ದರೆ ಅರ್ಧದಷ್ಟು ಮಂದಿ ಸಿಗುತ್ತಿರಲಿಲ್ಲ ಎಂದು ಮೊಯ್ದಿನ್ ಹೇಳಿದರಂತೆ. ಮುಳುಗಿದವುಗಳಲ್ಲಿ ಮೂರು ಬೋಟುಗಳ ಹಲಗೆಯೋ ಬಲೆಯೋ ಕಣ್ಣಿಗೆ ಬಿದ್ದು, ಆ ಸುತ್ತಿನಲ್ಲಿ ಹುಡುಕಿ ಹೆಣಗಳನ್ನು ತೆಗೆದರು. ಮತ್ಸ್ಯಸಿರಿಯದ್ದು ಒಂದು ಚೂರೂ ಕಾಣಲಿಲ್ಲ. ಎಲ್ಲಿಂದ ಹುಡುಕಲು ಶುರು ಮಾಡಬೇಕು ಎಂದು ಕ್ಯಾಪ್ಟನ್ ಕೇಳಿದಾಗ ವಾರಿಜಾ ಕೊನೆಗೆ ಕಂಡಿದ್ದ ಏಳು ನಲವತ್ತರ ಜಾಗ ಕೊಟ್ಟಳು. ಅದರಾಚೆಗಿನದು ಅವಳ ಬಳಿ ಇರಲಿಲ್ಲ. ಮೂರನೆಯ ದಿನ ಹುಡುಕುವುದನ್ನು ನಿಲ್ಲಿಸಿದರು.

ಅವಳು ಮನೆಗೆ ಬಂದಾಗ ಮಧ್ಯಾಹ್ನ. ಬಿಸಿಲು ನಾಚಿಕೆಯಿಲ್ಲದೆ ಹೊಳೆಯುತ್ತಿತ್ತು. ಬಂದುಹೋದ ನೆಂಟರ ಚಾಪೆಗಳು ಚಾವಡಿಯಲ್ಲಿ ಹಾಗೆಯೇ ಬಿದ್ದಿದ್ದವು. ಗುಲಾಬಿ ಕಂಬಕ್ಕೊರಗಿ ಕೂತಿದ್ದಳು. ಬಿಲ್ಲೆ ಮಡಿಲಲ್ಲಿತ್ತು. ಮಗಳನ್ನು ಕಂಡು ಎದ್ದು ಒಳಗೆ ಹೋಗಿ, ಗಂಜಿ ಬಡಿಸಿ ತಂದು ಮುಂದಿಟ್ಟಳು. ಉಪ್ಪಿನಕಾಯಿ ಹಾಕಿದಳು. ಮತ್ತೆ ಕಂಬಕ್ಕೆ ಒರಗಿದಳು.

ವಾರಿಜಾ ಎರಡು ತುತ್ತು ತಿಂದಳು.

"ಹತ್ತ್ ಇಪ್ಪತ್ತರವರೆಗೂ ಬಡಿತಿತ್ತ್," ಎಂದಳು ಗುಲಾಬಿ. "ನಾನ್ ಗಡಿಯಾರ ಕಂಡಿದ್ದೆ. ಅಲ್ಲೀವರೆಗೆ ಇದ್ದ ಅಲ್ದಾ ಅವ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅಕ್ಕಪಕ್ಕದವರಿಗೆ ಯಾರಿಗೂ ಒಳಗಿನ ಸಂಗತಿ ಸರಿಯಾಗಿ ಗೊತ್ತಿರಲಿಲ್ಲ. ಯಂತ್ರ ಕೆಟ್ಟಿತ್ತು, ಸರಿಹೋಯಿತು ಎಂದಷ್ಟೇ ತಿಳಿದಿದ್ದರು.

"ಇಲ್ಲ ಅಮ್ಮ. ಅದ್ ಹೊತ್ತಾರೆದ್ದ್ ಬಡಿತ. ತಡ ಆಯಿ ಬಂದದ್ದ್." ಅವಳು ತಟ್ಟೆ ನೋಡುತ್ತ ಹೇಳಿದಳು. "ಹತ್ತ್ ಇಪ್ಪತ್ತಕ್ಕೆ ನಿಂತದ್ದಲ್ಲ. ನಾನ್ ನಿಲ್ಸಿದ್ದ್. ಅವಂದ್ ಇನ್ನೂ ಬರೂಕಿತ್ತ್. ಉಳ್ದದ್ದನ್ನೆಲ್ಲ ನಾನ್ ಬಿಸಾಡ್ದೆ."

ಗುಲಾಬಿ ತಲೆಯೆತ್ತಿ ಹೊರಗೆ ಕಿವಿಗೊಟ್ಟಳು. ಬೇಲಿಯಾಚೆ ಬದಿಮನೆಯಲ್ಲಿ ಯಾರೋ ಜೋರಾಗಿ ಮಾತಾಡುತ್ತಿದ್ದರು. ಆ ಮನೆಯ ಬೇಬಿಯ ಅಣ್ಣ ಗಣಪ ತಿರುಗಿ ಬಂದವರಲ್ಲೊಬ್ಬ. ಅವನ ದನಿಯೇ ಅದು.

"ಗಣಪಂದೂ ನೀನೇ ನಿಲ್ಸಿದ್ಯಾ?" ಗುಲಾಬಿ ಕೇಳಿದಳು.

"ಎಲ್ಲರದ್ದೂ ನಿಲ್ಸಿದ್ದೆ."

"ಅವಂದ್ ಮತ್ತೆ ಬಡಿಯೂಕ್ ಶುರು ಆಯ್ತಂಬ್ರ್. ಬೇಬಿ ಹೇಳ್ತ್."

"ಇದ್ದವರದ್ದೆಲ್ಲ ಶುರು ಆಯ್ತ್."

ಗುಲಾಬಿ ಮಡಿಲಿನ ಬಿಲ್ಲೆಯನ್ನು ಹೊರಳಿಸಿ ನೋಡಿದಳು. ಓದಿದವಳಲ್ಲ; ಆದರೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ ಇಬ್ಬರು ಮಕ್ಕಳನ್ನು ಸಾಕಿದವಳಿಗೆ ವಿಷಯದ ಬುಡ ಹಿಡಿಯಲು ಯಾರೂ ಕಲಿಸಬೇಕಿರಲಿಲ್ಲ.

"ಹಾಂಗಾರೆ ಕರುಣಂದ್ ನಿಲ್ಸಿದ್ ನೀನಲ್ಲ," ಎಂದಳು. "ನೀನ್ ನಿಲ್ಸಿದ್ರೆ ಶುರು ಆತಿತ್ತ್."

ಮೂರು ದಿನದಲ್ಲಿ ಮೊದಲ ಸಲ ವಾರಿಜಾಳ ಎದೆಯಲ್ಲಿ ಏನೋ ಅಲ್ಲಾಡಿತು. ಅಳು ಗಂಟಲಿನವರೆಗೆ ಬಂತು. ಆದರೆ ಕ್ಷಮೆ ಇಷ್ಟು ಬೇಗ, ಇಷ್ಟು ಸುಲಭಕ್ಕೆ ಸಿಗುವುದು ಅವಳಿಗೆ ನ್ಯಾಯವಾಗಿ ಕಾಣಲಿಲ್ಲ. ಅಮ್ಮನಿಗೆ ಪೂರ್ತಿ ಗೊತ್ತಿಲ್ಲ, ಗೊತ್ತಿಲ್ಲದೆ ಕ್ಷಮಿಸಿದ್ದಾಳೆ ಎನಿಸಿತು. ಒಂದನ್ನೂ ಉಳಿಸಿಕೊಳ್ಳದೆ ಹೇಳಿಬಿಡಬೇಕು ಎನಿಸಿತು.

"ಇನ್ನೊಂದ್ ಇತ್ತ್ ಅಮ್ಮ," ಎಂದಳು. "ಬೋಟ್ ಎಲ್ ಮುಳ್ಗಿತ್ ಅಂತ ಅದ್ರಲ್ಲೇ ಬರ್ದಿತ್ತ್. ನಾನ್ ಬಿಸಾಡಿದ್ರಲ್ಲಿ. ಅದ್ ಇದ್ದಿದ್ರೆ ಅವ ಸಿಕ್ತಿದ್ದ. ಮನಿಗೆ ತರೂಕ್ ಆತಿತ್ತ್. ಬಿಸಾಡೂಕ್ ಮುಂಚೆ ನಂಗೆ ಗೊತ್ತಿತ್ತ್."

ಗುಲಾಬಿಯ ಬೆರಳುಗಳು ಬಿಲ್ಲೆಯ ಮೇಲೆ ಹಾಗೆಯೇ ನಿಂತವು. ಅವಳು ಮಗಳ ಮುಖವನ್ನು ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಾರಿಜಾಳಿಗೆ ತಡೆದುಕೊಳ್ಳಲು ಆಗುತ್ತಿತ್ತು.

"ಅದೊಂದ್ ನೀನ್ ನನ್ನತ್ರ ಹೇಳ್ದೇ ಇರ್ಬೇಕಿತ್ತ್ ಹೆಣ್ಣೇ," ಎಂದಳು ಗುಲಾಬಿ.

ಮೊಣಕಾಲಿಗೆ ಕೈಕೊಟ್ಟು ಎದ್ದು, ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಅಳುವ ಸದ್ದು ಬರಬಹುದು ಎಂದು ವಾರಿಜಾ ಕಾದಳು. ಬರಲಿಲ್ಲ. ಗಂಟಲಿನವರೆಗೆ ಬಂದಿದ್ದ ತನ್ನ ಅಳು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಗಂಜಿ ಆರಿಹೋಗಿತ್ತು. ಅವಳು ಅದನ್ನು ಪೂರ್ತಿ ಉಂಡು, ತಟ್ಟೆ ತೊಳೆದಿಟ್ಟಳು.